ಬಾಹ್ಯಾಕಾಶದ ನೆಪದಲ್ಲಿ ಇಂಗ್ಲಿಷ್: ಒಬ್ಬ ಹೈಸ್ಕೂಲ್ ಮಾಸ್ತರ ಮಾಡಿಸುವ ರೀತಿ

‘ಸ್ಪೇಸ್ ಎಕ್ಸ್‌ಪ್ಲೊರೇಶನ್ ಬಗ್ಗೆ ಹತ್ತು ಸಾಲು ಬರೀರಿ’ ಅಂದರೆ ಏನು ಸಿಗುತ್ತದೆ ಗೊತ್ತಲ್ವಾ? ಗೈಡಿನಲ್ಲಿರುವ ಹತ್ತು ಸಾಲು. ತರಗತಿಯ ಎಲ್ಲ ನೋಟ್‌ಬುಕ್ಕಿನಲ್ಲೂ ಅದೇ ಹತ್ತು. ನಾನು ಧಾರವಾಡ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಾನು ಪ್ರಬಂಧ ಬರೆಸುವುದು ಕೊನೆಗೆ. ಮೊದಲು ಪ್ರಶ್ನೆ ಕೇಳಿಸುತ್ತೇನೆ. ಕೇಳಲೇಬೇಕು ಅನ್ನಿಸುವ ಪ್ರಶ್ನೆ ತಲೆಯಲ್ಲಿದ್ದರೆ ಮಕ್ಕಳು ಇಂಗ್ಲಿಷಿನಲ್ಲೂ ಕೇಳುತ್ತಾರೆ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಯಾರು ಬೇಕಾದರೂ ಮಾಡಿಸಬಹುದು. ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ ಸಹ.

ರೇಡಿಯೊ ಆಟ

ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಹೊರಟು ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದರು. ಅಲ್ಲಿದ್ದಾಗ ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳು ಬಳಸುವ ರೇಡಿಯೊದಲ್ಲಿ, ನಮ್ಮ ದೇಶದ ಮಕ್ಕಳ ಜೊತೆ ಮಾತಾಡಿದರು. ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಿಂದ ಅಂಥ ಒಂದು ಮಾತುಕತೆ ನಡೆಯಿತು. ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಒಂದು ಜಾಗದ ಆಂಟೆನಾಕ್ಕೆ ಅದು ಸಿಗುವುದು ಹತ್ತು ನಿಮಿಷದಷ್ಟು ಹೊತ್ತು. ಆಮೇಲೆ ದಿಗಂತದ ಆಚೆ ಹೋಗಿಬಿಡುತ್ತದೆ. ಹಾಗಾಗಿ ಪ್ರಶ್ನೆ ಚಿಕ್ಕದಿರಬೇಕು, ಮೊದಲೇ ತಯಾರಿರಬೇಕು. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಮುಗಿಯಿತು ಅಂತ ತಿಳಿಸಲು ‘ಓವರ್’ ಅನ್ನಬೇಕು. ಭಾಷೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ನಿಯಮಗಳು ಎಲ್ಲಿ ಸಿಗುತ್ತವೆ ಹೇಳಿ?

ಆಡಿಸುವುದು ಹೀಗೆ. ಇಬ್ಬರನ್ನು ಗಗನಯಾತ್ರಿ ಮಾಡಿ, ತರಗತಿಗೆ ಬೆನ್ನು ಹಾಕಿ ಕೂರಿಸಿ. ಮುಖ ಕಾಣಬಾರದು. ಮುಖ ಕಂಡರೆ ಕೈಸನ್ನೆ ಶುರುವಾಗುತ್ತದೆ, ಇಂಗ್ಲಿಷ್ ನಿಲ್ಲುತ್ತದೆ. ಹಿಂದಿನ ದಿನವೇ ಅವರಿಗೆ ಒಂದು ಚೀಟಿ ಕೊಡಿ. ಅದರಲ್ಲಿ ಬರೀ ಸಂಗತಿಗಳಿರಲಿ, ವಾಕ್ಯ ಬೇಡ: ದಿನಕ್ಕೆ 16 ಸೂರ್ಯೋದಯ, ಸುಮಾರು ಎರಡು ಗಂಟೆ ವ್ಯಾಯಾಮ, ಗೋಡೆಗೆ ಕಟ್ಟಿದ ಚೀಲದಲ್ಲಿ ನಿದ್ದೆ, ಮೂತ್ರವನ್ನೇ ಶುದ್ಧ ಮಾಡಿ ಕುಡಿಯುವ ನೀರು. ಈ ಕೊನೆಯದು ಬಿದ್ದ ಕೂಡಲೇ ತರಗತಿ ಎಚ್ಚರವಾಗುತ್ತದೆ, ಖಾತರಿ. ವಾಕ್ಯವನ್ನು ಅವರೇ ಕಟ್ಟಲಿ: ‘ಐ ಹ್ಯಾವ್ ಟು ಎಕ್ಸರ್‌ಸೈಸ್ ಫಾರ್ ಟೂ ಅವರ್ಸ್ ಎವ್ರಿ ಡೇ. ಓವರ್.’

ಉಳಿದವರು ತಲಾ ಒಂದು ಪ್ರಶ್ನೆ ಬರೆದುಕೊಂಡು ಸಾಲಾಗಿ ನಿಲ್ಲಲಿ. ಎಂಟು ಪದ ಮೀರಬಾರದು. ‘ಹೌ ಡು ಯು ಸ್ಲೀಪ್? ಓವರ್.’ ಇಷ್ಟು ಸಾಕು. ಗೋಡೆ ಗಡಿಯಾರ ನೋಡಿ ಹತ್ತು ನಿಮಿಷ ಬಿಡಿ. ಹತ್ತಾದ ಮೇಲೆ ಯಾರು ಮಾತಾಡುತ್ತಿದ್ದರೂ ಸಂಪರ್ಕ ಕಟ್. ಈ ಅವಸರ ಬೇಕೇ ಬೇಕು. ತಪ್ಪಾದೀತು ಅಂತ ಯೋಚಿಸುತ್ತ ನಿಲ್ಲಲು ಆಗ ಪುರುಸೊತ್ತೇ ಇರುವುದಿಲ್ಲ.

‘ಸರ, ಓವರ್ ಅನ್ನೂದು ಮರತ್ರ ಏನಾಗತೈತ್ರಿ?’ ಅಂತ ಒಬ್ಬ ಕೇಳಿದ. ‘ಆ ಕಡೆಯವರು ಕಾಯ್ಕೋತ ಕುಂಡ್ರತಾರ, ನಿನ್ನ ಹತ್ತು ನಿಮಿಷ ಹೋಗತೈತಿ’ ಅಂದೆ. ಆಮೇಲೆ ಊಟಕ್ಕೆ ಬಿಟ್ಟಾಗಲೂ ಓವರ್, ನೀರು ಕುಡಿಯಲು ಹೋಗುವಾಗಲೂ ಓವರ್.

ಹಿಂಜರಿಯುವ ಮಕ್ಕಳಿಗೆ ಒಂದೇ ವಾಕ್ಯ ಕಲಿಸಿಡಿ: ‘ಪ್ಲೀಸ್ ಸೇ ಅಗೇನ್. ಓವರ್.’ ಅರ್ಥವಾಗದಾಗ ತಲೆ ತಗ್ಗಿಸಿ ನಿಲ್ಲುವ ಬದಲು ಇದನ್ನು ಹೇಳಲಿ. ಇನ್ನೊಂದು ಮಾತು. ಆ ಹತ್ತು ನಿಮಿಷ ಮಾಸ್ತರ ಬಾಯಿ ತೆರೆಯಬಾರದು. ಕಿವಿಗೆ ಬಿದ್ದ ತಪ್ಪನ್ನು ಹಾಳೆಯಲ್ಲಿ ಗೀಚಿಟ್ಟುಕೊಳ್ಳಿ. ಆಟ ಮುಗಿದ ಮೇಲೆ ಹೆಸರು ಹೇಳದೆ ಎರಡು ಮೂರನ್ನು ಬೋರ್ಡಿನ ಮೇಲೆ ತಿದ್ದಿ.

ಹೆಸರುಕಾಳಿನ ವರದಿ

ಶುಕ್ಲಾ ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ್ದು. ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಸೇರಿ ಹೆಸರುಕಾಳು, ಮೆಂತ್ಯದ ಕಾಳನ್ನು ನಿಲ್ದಾಣದಲ್ಲಿ ಮೊಳಕೆ ಬರಿಸುವ ಪ್ರಯೋಗ ಕಳಿಸಿದ್ದವು. ಮೊಳಕೆಯನ್ನು ಫ್ರೀಜರಿನಲ್ಲಿಟ್ಟು, ಭೂಮಿಗೆ ತಂದು ಪರೀಕ್ಷೆ ಮಾಡುವುದು ಯೋಜನೆ. ಹೆಸರುಕಾಳು ಯಾರ ಮನೆಯಲ್ಲಿಲ್ಲ? ಮಕ್ಕಳೂ ಒಂದು ತಟ್ಟೆ, ಒದ್ದೆ ಬಟ್ಟೆ ಇಟ್ಟುಕೊಂಡು ಅದನ್ನೇ ಮಾಡಲಿ, ದಿನಕ್ಕೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯಲಿ.

ಪ್ಯಾಸಿವ್ ವಾಯ್ಸ್ ಕಲಿಸಲು ನನಗೆ ಇದಕ್ಕಿಂತ ಸಲೀಸಾದ ದಾರಿ ಸಿಕ್ಕಿಲ್ಲ. ‘ಹಿ ಈಟ್ಸ್ ಎ ಮ್ಯಾಂಗೊ’ ಅನ್ನುವುದನ್ನು ‘ಎ ಮ್ಯಾಂಗೊ ಈಸ್ ಈಟನ್ ಬೈ ಹಿಮ್’ ಅಂತ ತಿರುಗಿಸುವುದೇಕೆ ಅಂತ ಮಗುವಿಗೆ ಎಂದೂ ತಿಳಿಯುವುದಿಲ್ಲ. ಪ್ರಯೋಗದ ವರದಿಯಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ. ಕಾಳು ನೆನೆಸಿದ್ದು ಅಮ್ಮನೋ ತಂಗಿಯೋ, ಅದು ಮುಖ್ಯವಲ್ಲ. ನೆನೆಸಿದ್ದು ಯಾವಾಗ, ಎಷ್ಟು ಹೊತ್ತು ಅನ್ನುವುದು ಮುಖ್ಯ. ‘ದಿ ಸೀಡ್ಸ್ ವರ್ ಸೋಕ್ಡ್ ಫಾರ್ ಎಯ್ಟ್ ಅವರ್ಸ್. ದಿ ವಾಟರ್ ವಾಸ್ ಡ್ರೇನ್ಡ್.’ ಕಾಳು ತಾನಾಗಿ ಮೊಳೆತದ್ದಕ್ಕೆ ಮಾತ್ರ ಮಾಮೂಲಿ ವಾಕ್ಯ: ‘ದಿ ಸೀಡ್ಸ್ ಸ್ಪ್ರೌಟೆಡ್.’ ಒಂದು ತಟ್ಟೆ ಬೆಳಕಿನಲ್ಲಿ, ಒಂದು ಕತ್ತಲಲ್ಲಿ ಇಟ್ಟರೆ ‘ಲಾಂಗರ್’, ‘ಪೇಲರ್’ ಅಂತ ಹೋಲಿಸಿ ಬರೆಯುವುದಕ್ಕೂ ಸಿಕ್ಕಿತು.

ಪರೀಕ್ಷೆಗೆ ಬೇಕಾದ್ದು

ಹತ್ತನೇ ತರಗತಿಯವರಿದ್ದರೆ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯನ್ನು ಮರೆಯುವಂತಿಲ್ಲ. ಅಡಿಗೆರೆ ಎಳೆದ ಪದವೇ ಉತ್ತರವಾಗುವಂತೆ ಪ್ರಶ್ನೆ ಮಾಡಿ ಅನ್ನುವುದು ಬರುತ್ತದಲ್ವಾ, ಅದಕ್ಕೆ ಈ ವಿಷಯ ಚೆನ್ನಾಗಿ ಒಗ್ಗುತ್ತದೆ. ‘ರಾಕೇಶ್ ಶರ್ಮಾ ವೆಂಟ್ ಟು ಸ್ಪೇಸ್ ಇನ್ 1984.’ ಇಸವಿಗೆ ಗೆರೆ ಎಳೆಯಿರಿ. ಹೆಚ್ಚಿನವರು ‘ವೆನ್ ರಾಕೇಶ್ ಶರ್ಮಾ ವೆಂಟ್’ ಅಂತಲೇ ಶುರು ಮಾಡುತ್ತಾರೆ. ‘ಡಿಡ್’ ಬಂದರೆ ‘ವೆಂಟ್’ ಹೋಗಿ ‘ಗೋ’ ಆಗುತ್ತದೆ ಅನ್ನುವುದನ್ನು ಬಾಯಲ್ಲಿ ಹತ್ತು ಸಲ ಹೇಳಿಸಿ.

ಪ್ರೊಫೈಲ್, ಅಂದರೆ ಒಬ್ಬರ ವಿವರಗಳ ಪಟ್ಟಿ, ನೋಡಿ ಪ್ಯಾರಾ ಬರೆಯುವುದಕ್ಕೂ ಶರ್ಮಾ ಅವರೇ ಸಾಕು. ಹುಟ್ಟಿದ್ದು 1949ರ ಜನವರಿ 13, ಪಟಿಯಾಲ. ವಾಯುಪಡೆಯ ಪೈಲಟ್. 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಪ್ರಯಾಣ. ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ.

ಅಂಕಿಗಳನ್ನು ಜೋರಾಗಿ ಓದಿಸಿ. ಚಂದ್ರ ಸರಾಸರಿ 3,84,400 ಕಿ.ಮೀ. ದೂರ. ನಾವು ‘ಥ್ರೀ ಲ್ಯಾಕ್’ ಅಂತ ಓದುತ್ತೇವೆ. ಹೊರದೇಶದವರು ‘ತ್ರೀ ಹಂಡ್ರೆಡ್ ಆ್ಯಂಡ್ ಎಯ್ಟಿ-ಫೋರ್ ಥೌಸಂಡ್’ ಅನ್ನುತ್ತಾರೆ. ಎರಡೂ ಬರಲಿ.

ಕೇಳುವ ಅಭ್ಯಾಸಕ್ಕೆ ಇಸ್ರೋದ ಯೂಟ್ಯೂಬ್ ಚಾನೆಲ್ ಇದೆ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರ ವಿಡಿಯೊದಲ್ಲಿ ಇಳಿಯುವುದಕ್ಕೆ ಮುಂಚಿನ ಕಾಲು ಗಂಟೆ ಹಾಕಿ. ಮಾತಾಡುವವರು ನಮ್ಮವರೇ, ಉಚ್ಚಾರವೂ ನಮ್ಮದೇ. ಅಮೆರಿಕದ ವಿಡಿಯೊಗಳನ್ನು ಆಮೇಲೆ ನೋಡಿದರಾಯಿತು. ವೇಗವನ್ನು 0.75ಕ್ಕೆ ಇಳಿಸಿ. ಮೊದಲ ಸಲ ಎತ್ತರ, ವೇಗದ ಅಂಕಿ ಕೇಳಿಸಿದರೆ ಬರೆದುಕೊಳ್ಳಲಿ, ಅಷ್ಟೇ. ಎರಡನೇ ಸಲ ಕ್ರಿಯಾಪದಗಳು. ಪೂರ್ತಿ ಅರ್ಥ ಕೇಳಬೇಡಿ, ಕೇಳಿದರೆ ಅರ್ಧ ತರಗತಿ ಅಲ್ಲೇ ಕೈಬಿಡುತ್ತದೆ.

ಇದಕ್ಕೆಲ್ಲ ಮಾರ್ಕ್ಸ್ ಕೊಡಲೇಬೇಕಾದರೆ ಪ್ರಶ್ನೆಗೆ ಜಾಸ್ತಿ ಕೊಡಿ, ಉತ್ತರಕ್ಕೆ ಕಡಿಮೆ. ಉತ್ತರ ಫೋನಿನಲ್ಲೂ ಸಿಗುತ್ತದೆ. ಎಂಟು ಪದಗಳಲ್ಲಿ ಎದುರಿನವರಿಗೆ ತಿಳಿಯುವ ಹಾಗೆ ಕೇಳಿದರೆ ಪೂರ್ತಿ ಮಾರ್ಕ್ಸ್. ವ್ಯಾಕರಣ ಸ್ವಲ್ಪ ತಪ್ಪಿದರೂ ಅರ್ಥ ತಲುಪಿದರೆ ಅರ್ಧಕ್ಕಿಂತ ಇಳಿಸಬೇಡಿ. ‘ಪ್ಲೀಸ್ ಸೇ ಅಗೇನ್’ ಅಂದವರಿಗೂ ಒಂದು ಮಾರ್ಕ್ ಇರಲಿ.