ಐದು ಸೆಂಟ್ಸ್ ಜಾಗದಲ್ಲಿ ಮನೆ: ನಕ್ಷೆ ಕೊನೆಗೆ, ದಾರಿ ಮೊದಲು (ನನ್ನ ಅನುಭವ)

ಮಂಗಳೂರು, ಉಡುಪಿ ಸುತ್ತಲಿನ ಗ್ರಾಮ ಪಂಚಾಯತ್‌ಗಳಲ್ಲಿ ಐದಾರು ಸೆಂಟ್ಸ್ (ನೂರು ಸೆಂಟ್ಸ್‌ಗೆ ಒಂದು ಎಕರೆ) ಜಾಗದಲ್ಲಿ ಮನೆ ಕಟ್ಟುವ ಅನುಮತಿಯ ಕಡತ ತಯಾರಿಸುವುದು ನನ್ನ ಕೆಲಸ. ಜಾಗದವರು ಸಾಮಾನ್ಯವಾಗಿ ಎರಡು ಬೆಡ್‌ರೂಮಿನ ನಕ್ಷೆ ಹಿಡಿದುಕೊಂಡೇ ಬರುತ್ತಾರೆ. ಅದನ್ನು ಬದಿಗಿಟ್ಟು ನಾನು ಕೇಳುವುದು ಮೂರೇ ಸಂಗತಿ: ದಾರಿ ಎಷ್ಟು ಅಗಲ, ಬಾವಿ ಎಲ್ಲಿ, ಶೌಚಗುಂಡಿ ಎಲ್ಲಿ. ಇವು ಮೂರು ಕೂತ ಮೇಲೆ ಉಳಿಯುವುದಷ್ಟೇ ಮನೆಗೆ.

ಅದಕ್ಕೂ ಮೊದಲು ಜಾಗದ ಮೂಲ. ಆರ್‌ಟಿಸಿಯ (ಪಹಣಿಯ) 9ನೇ ಕಾಲಂನಲ್ಲಿ ಮಾಲಕರ ಹೆಸರು ನೋಡಿ ಸಮಾಧಾನಪಡುವವರೇ ಹೆಚ್ಚು. ಜಾಗ ಹೇಗೆ ಬಂತೆಂದು ಹೇಳುವ 10ನ್ನು, ಅದರ ಮೇಲಿನ ಇತರ ಹಕ್ಕು, ಋಣ ಹೇಳುವ 11ನ್ನು ನಾನು ನಿಧಾನವಾಗಿ ಓದುತ್ತೇನೆ. ಜಾಗ ದರ್ಖಾಸ್ತಿನಲ್ಲಿ (ಸರಕಾರಿ ಮಂಜೂರಾತಿಯಲ್ಲಿ) ಬಂದದ್ದೋ, ಡಿಕ್ಲರೇಶನ್ (ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕ) ಜಾಗವೋ, ಸರಕಾರಿ ಜಾಗದಲ್ಲಿ ಕಟ್ಟಿದ ಮನೆಯೆಂದು 94ಸಿಯಲ್ಲಿ ಸಕ್ರಮವಾದದ್ದೋ ಎಂಬುದರ ಮೇಲೆ ಪರಭಾರೆಯ ಷರತ್ತು ನಿಂತಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವಾಗಿದ್ದರೆ 1978ರ ಕಾಯ್ದೆಯಂತೆ ಸರಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ನಮ್ಮ ಜಿಲ್ಲೆಗಳಲ್ಲಿ ಇನ್ನೊಂದಿದೆ, ಕುಮ್ಕಿ: ಪಟ್ಟಾ ಜಾಗಕ್ಕೆ ತಾಗಿರುವ, ಬಳಸಿಕೊಳ್ಳುವ ಹಕ್ಕಷ್ಟೇ ಇರುವ ಸರಕಾರಿ ಜಾಗ. ಪಾಗಾರದೊಳಗೆ (ಆವರಣ ಗೋಡೆಯೊಳಗೆ) ಎಂಟು ಸೆಂಟ್ಸ್ ಇದ್ದು ಅದರಲ್ಲಿ ಮೂರು ಕುಮ್ಕಿಯಾದರೆ ಕಡತಕ್ಕೆ ಐದೇ ಲೆಕ್ಕ. ಮನೆಯ ಮೂಲೆ ಆ ಮೂರರ ಮೇಲೆ ಬರುವಂತಿಲ್ಲ. ತೆಂಗಿನ ಮರ ಅಜ್ಜ ನೆಟ್ಟದ್ದು ಎಂಬ ವಾದ ಸರ್ವೇಯವರ ಮುಂದೆ ನಡೆಯುವುದಿಲ್ಲ.

ದಾರಿಯ ವಿಷಯ ಪಾಲುಪಟ್ಟಿಯಲ್ಲೇ ಕೆಡುತ್ತದೆ. 20 ಸೆಂಟ್ಸನ್ನು ನಾಲ್ವರಿಗೆ ತಲಾ 5 ಎಂದು ಬರೆದು ರಿಜಿಸ್ಟರ್ ಮಾಡಿಬಿಡುತ್ತಾರೆ, ಹಿಂದಿನ ಪಾಲಿಗೆ ಹೋಗುವುದು ಹೇಗೆಂದು ಯಾರೂ ಬರೆಯುವುದಿಲ್ಲ. 10 ಅಡಿ ಅಗಲ, 120 ಅಡಿ ಉದ್ದದ ದಾರಿ ಬಿಟ್ಟರೆ 1200 ಚದರಡಿ ಹೋಯಿತು. ಒಂದು ಸೆಂಟ್‌ಗೆ 435.6 ಚದರಡಿಯಂತೆ ಅದು 2.75 ಸೆಂಟ್ಸ್. ಉಳಿದ 17.25ನ್ನು ಹಂಚಿದರೆ ತಲಾ 4.31 ಮಾತ್ರ. ಈ ಲೆಕ್ಕವನ್ನು ಪಾಲು ಮಾಡುವ ದಿನವೇ ಮೇಜಿನ ಮೇಲಿಟ್ಟರೆ ಅಣ್ಣತಮ್ಮಂದಿರು ಗೊಣಗಿಕೊಂಡಾದರೂ ಒಪ್ಪುತ್ತಾರೆ. ಮುಂದಿನ ಪಾಲಿನವನು ಪಾಗಾರ ಕಟ್ಟಿದ ಮೇಲೆ ಒಪ್ಪುವುದಿಲ್ಲ. ದಾರಿ 11ಇ ನಕ್ಷೆಯಲ್ಲಿ (ಪಾಲಾಗುವ ಜಾಗಕ್ಕೆ ಸರ್ವೇ ಇಲಾಖೆಯ ಅಳತೆ ನಕ್ಷೆ) ಗೆರೆಯಾಗಿ ಬರಬೇಕು, ಪತ್ರದಲ್ಲಿ ಅಗಲದ ಸಮೇತ ವಾಕ್ಯವಾಗಿಯೂ ಬರಬೇಕು. 'ರೂಢಿಯ ದಾರಿ' ಎಂದಷ್ಟೇ ಬರೆದರೆ ಕಾಲುದಾರಿ ಎಂಬ ವಾದಕ್ಕೆ ಬಾಗಿಲು ತೆರೆದಿಟ್ಟಂತೆ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನಿನಲ್ಲಿ) ಆ ರಸ್ತೆಗೆ ಹೆಚ್ಚಿನ ಅಗಲ ತೋರಿಸಿದ್ದರೆ ಅಷ್ಟು ಅಂಚನ್ನು ಬಿಟ್ಟುಕೊಡಬೇಕಾಗುತ್ತದೆ, ಹಾಗಾಗಿ ಯೋಜನಾ ಪ್ರಾಧಿಕಾರದಲ್ಲಿ ವಲಯ ಮತ್ತು ರಸ್ತೆ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳುತ್ತೇನೆ.

ಈಗ ಬಾವಿ ಮತ್ತು ಗುಂಡಿ. 36 ಅಡಿ ಅಗಲ, 60.5 ಅಡಿ ಉದ್ದದ ಜಾಗ ತೆಗೆದುಕೊಳ್ಳಿ, ಸರಿಯಾಗಿ 5 ಸೆಂಟ್ಸ್. ಶೌಚದ ನೀರು ಇಂಗುವ ಗುಂಡಿ, ಅಂದರೆ ಇಂಗುಗುಂಡಿ, ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕೆಂದು ಭಾರತೀಯ ಮಾನಕ 2470 ಹೇಳುತ್ತದೆ, ಅಂದರೆ 59 ಅಡಿ. ಬಾವಿಯನ್ನು ಒಂದು ಮೂಲೆಗೆ, ಗುಂಡಿಯನ್ನು ಎದುರು ಮೂಲೆಗೆ ಇಟ್ಟು, ಎರಡರ ನಡುಬಿಂದುವನ್ನೂ ಗಡಿಯಿಂದ 6 ಅಡಿ ಒಳಗೆ ತಂದರೆ ನಡುವಿನ ಅಂತರ 54 ಅಡಿ. ಅಂಚಿನಿಂದ ಅಂಚಿಗೆ ಅಳೆದರೆ 48ರ ಆಸುಪಾಸು. ಕೂರುವುದಿಲ್ಲ. ಅದೂ ಪಕ್ಕದ ಮನೆಯ ಬಾವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ! ಹಾಗಾಗಿ ಇಷ್ಟು ಸಣ್ಣ ಜಾಗದಲ್ಲಿ ಸ್ವಂತ ಬಾವಿ ಬೇಡವೆಂದೇ ನಾನು ಹೇಳುವುದು. ಕುಟುಂಬದ ಹಳೆಯ ಬಾವಿಯಲ್ಲಿ ನೀರಿನ ಹಕ್ಕು ಬರೆಸಿಕೊಳ್ಳಿ, ಇಲ್ಲವೇ ಪಂಚಾಯತ್ ನಳ್ಳಿ ನೀರು ನಂಬಿ. ಜಾಗದ ಸ್ಕೆಚ್‌ನಲ್ಲಿ ಗಡಿಯಾಚೆ 20 ಮೀಟರ್‌ವರೆಗಿನ ಪ್ರತಿ ಬಾವಿಯನ್ನೂ ಗುರುತಿಸುತ್ತೇನೆ, ಗುಂಡಿಯ ಮೂಲೆ ಯಾವುದೆಂದು ಅದೇ ಹೇಳುತ್ತದೆ.

ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ಈ ಅಂತರಕ್ಕೆ ರಿಯಾಯಿತಿ ಕೊಡಬಾರದು. ಮುರಕಲ್ಲು ತೂತು ತೂತು, ಗುಂಡಿಯ ನೀರು ಮಣ್ಣಿನಲ್ಲಿ ಸೋಸಿಕೊಳ್ಳುವ ಬದಲು ಆ ತೂತುಗಳಲ್ಲೇ ಓಡುತ್ತದೆ. ಗುಂಡಿಯ ತಳ ಅಂತರ್ಜಲಕ್ಕಿಂತ 2 ಮೀಟರ್ ಮೇಲಿರಬೇಕು, ಅದನ್ನು ಅಳೆಯುವುದು ಏಪ್ರಿಲ್‌ನಲ್ಲಲ್ಲ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳಲ್ಲಿ) ಪಕ್ಕದ ಬಾವಿಯ ನೀರು ಯಾವ ಕಲ್ಲಿನ ಸಾಲಿಗೆ ಬಂದು ನಿಲ್ಲುತ್ತದೆ ಎಂದು ಆ ಮನೆಯ ಹೆಂಗಸರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಇಂಗುಗುಂಡಿಗೆ ಮೊದಲು ಸೆಪ್ಟಿಕ್ ಟ್ಯಾಂಕ್ ಇರಲೇಬೇಕು. ಹತ್ತು ಮಂದಿಗೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, 1.4 ಮೀಟರ್ ನೀರಿನ ಆಳ ಇಟ್ಟರೆ ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸಿದರೆ ಸಾಕು. ಹೂಳು ಎಳೆಯುವ ಗಾಡಿಯ ಪೈಪ್ ತಲುಪುವ ಬದಿಯಲ್ಲೇ ಟ್ಯಾಂಕ್ ಇರಲಿ.

ಬೈಲು ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಜಾಗವಾದರೆ ಬದಿಯ ತೋಡನ್ನು (ನೀರು ಹರಿಯುವ ಕಾಲುವೆಯನ್ನು) ಕಿರಿದು ಮಾಡಿದ್ದಾರೆಯೇ ಎಂದು ನೋಡಿ. ಮಳೆಗಾಲದಲ್ಲಿ ಮೇಲಿನ ಗದ್ದೆಯವರ ದೂರು ಬರುವುದು ಅಲ್ಲಿಂದಲೇ. ಗುಡ್ಡೆ ಕಡಿದ ಜಾಗದಲ್ಲಿ ಅಪಾಯ ಬೇರೆ ತರಹದ್ದು. ಮೇಲೆ ಗಟ್ಟಿ ಮುರಕಲ್ಲು ಕಾಣುತ್ತದೆ, ಅದರಡಿ ಶೇಡಿಮಣ್ಣು, ಅಂದರೆ ಜೇಡಿಯಂಥ ನುಣುಪು ಮಣ್ಣು. ಒಣಗಿದಾಗ ಪಿಕಾಸಿಗೂ ಜಗ್ಗದ ಅದು ನೀರು ಕುಡಿದರೆ ಬೆಣ್ಣೆ. ಬರೆಯ (ಕಡಿದ ಗುಡ್ಡೆಯ ಕಡಿದಾದ ಬದಿಯ) ಎತ್ತರ ಎಷ್ಟೋ ಕನಿಷ್ಠ ಅಷ್ಟು ದೂರ ಮನೆಯ ಗೋಡೆ ಇಡುವುದು ನನ್ನ ರೂಢಿ. ಐದು ಸೆಂಟ್ಸ್‌ನಲ್ಲಿ ಅದು ಸಾಧ್ಯವಾಗದಿದ್ದರೆ ತಡೆಗೋಡೆಯ ಖರ್ಚನ್ನು ಮನೆಯ ಅಂದಾಜಿಗೇ ಸೇರಿಸಬೇಕು. ಹಿಂದೆ ಜಲ್ಲಿ ತುಂಬದೆ, ನೀರು ಹೊರಬರಲು ಪೈಪ್ ತೂತು ಬಿಡದೆ ಕಟ್ಟಿದ ತಡೆಗೋಡೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ, ಹೊಟ್ಟೆ ಬಿಟ್ಟುಕೊಂಡು ಬೀಳುತ್ತದೆ.

ಸ್ವರ್ಣಾ, ಉದ್ಯಾವರ, ಶಾಂಭವಿ, ನೇತ್ರಾವತಿ ದಡದ ಜಾಗವಾದರೆ ಉಪ್ಪುನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಮುಖ್ಯ. ಕಟ್ಟಡಕ್ಕೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ ಉಪ್ಪುನೀರು ಏರುವ ಹೊಳೆದಡಕ್ಕೂ ಅನ್ವಯ, ಸಮುದ್ರ ತೀರಕ್ಕೆ ಮಾತ್ರ ಎಂದುಕೊಂಡು ಮುಂಗಡ ಕೊಟ್ಟವರು ಬಹಳ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಾದರೆ ರಸ್ತೆಯ ಮಧ್ಯದಿಂದ 40 ಮೀಟರ್ ಕಟ್ಟಡ ರೇಖೆ, ಅದರೊಳಗೆ ಕಟ್ಟುವಂತಿಲ್ಲ. 11 ಕೆವಿ ತಂತಿ ಹಾದುಹೋಗಿದ್ದರೆ ಮನೆಯಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಬಿಡುವು ಬೇಕು. ಮುಂದೆ ಮಹಡಿ ಏರಿಸುವ ಆಸೆಯಿದ್ದರೆ ಆ ಎತ್ತರವನ್ನೇ ಹಿಡಿದು ಅಳೆಯಿರಿ.

ಕಚೇರಿಯ ಕ್ರಮ ಎಲ್ಲರಿಗೂ ಗೊತ್ತಿರುವುದೇ: 11ಇ ನಕ್ಷೆ, ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ, ಏಕನಿವೇಶನ (ಒಂದೇ ಸೈಟಿನ) ವಿನ್ಯಾಸ ಅನುಮೋದನೆ, ಇ-ಸ್ವತ್ತಿನಲ್ಲಿ 9/11 (ಪಂಚಾಯತ್‌ನ ಆಸ್ತಿ ದಾಖಲೆಯ ನಮೂನೆಗಳು), ಆಮೇಲೆ ಪಂಚಾಯತ್ ಪರವಾನಿಗೆ. ವಿನ್ಯಾಸ ಅನುಮೋದನೆ ಯಾರ ಕೈಯಲ್ಲಿ ಎಂಬುದು ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ವಾರವೇ ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳುವುದು ಒಳ್ಳೆಯದು. ಕಡತ ಹಿಂದೆ ಬರುವುದು ಹೆಚ್ಚಾಗಿ ಅಳತೆಯ ಚಿಲ್ಲರೆಗೆ. ಆರ್‌ಟಿಸಿಯಲ್ಲಿ 5 ಸೆಂಟ್ಸ್, ಚದರ ಮೀಟರಿನಲ್ಲಿ ಅದು 202.34. ಸೆಂಟ್‌ಗೆ 40 ಎಂದು ಅಂದಾಜಿಗೆ ಗುಣಿಸಿ 200 ಎಂದು ನಕ್ಷೆಯಲ್ಲಿ ಬರೆದರೆ ಪರಿವರ್ತನೆ ಆದೇಶಕ್ಕೂ 9/11ಕ್ಕೂ ತಾಳೆಯಾಗುವುದಿಲ್ಲ, ತಿದ್ದುಪಡಿಗೆ ಮತ್ತೆ ಮೊದಲಿನಿಂದ ಅಲೆಯಬೇಕು. ಚೆಕ್ಕುಬಂದಿಯ (ನಾಲ್ಕು ಗಡಿಯ) ಹೆಸರುಗಳೂ ಹಾಗೆಯೇ, ಎಲ್ಲ ಕಾಗದದಲ್ಲಿ ಒಂದೇ ಇರಲಿ.

ಇಷ್ಟಾದ ಮೇಲೆ ಮನೆಯ ನಕ್ಷೆ. ಬಾವಿಯ ಲೆಕ್ಕಕ್ಕೆ ತೆಗೆದುಕೊಂಡ 36 ಅಡಿಗೆ 60.5 ಅಡಿಯ ಜಾಗದಲ್ಲಿ ಮುಂದೆ 10 ಅಡಿ, ಹಿಂದೆ 5, ಎರಡು ಬದಿಗೆ ತಲಾ 4 ಅಡಿ ಬಿಟ್ಟರೆ 28 ಅಡಿಗೆ 45.5 ಅಡಿ, ಅಂದರೆ 1274 ಚದರಡಿ ಸಿಗುತ್ತದೆ. ಬದಿಯ 4 ಅಡಿಯನ್ನು ನಾನು ಬಿಟ್ಟುಕೊಡುವುದಿಲ್ಲ. ನಮ್ಮ ಮಳೆಗೆ ಎರಡು ಅಡಿ ಸೂರು ಬೇಕೇ ಬೇಕು, ಬದಿಗೆ ಎರಡೇ ಅಡಿ ಬಿಟ್ಟರೆ ಸೂರಿನ ನೀರು ನೇರ ನೆರೆಯವರ ಪಾಗಾರದ ಮೇಲೆ. ಪರವಾನಿಗೆಯ ನಕ್ಷೆಗೆ ಒಂದಿಷ್ಟೂ ಹೆಚ್ಚುಕಡಿಮೆ ಮಾಡದೆ ಕಟ್ಟಿಸಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಖಾಯಂ ವಿದ್ಯುತ್ ಸಂಪರ್ಕಕ್ಕೆ ಪೂರ್ಣತಾ ಪತ್ರ (ನಕ್ಷೆಯಂತೆ ಕಟ್ಟಿ ಮುಗಿದಿದೆ ಎಂಬ ಪತ್ರ) ಕೇಳುವುದು ಬಿಗಿಯಾಗಿದೆ. ಬದಿಯ ಜಾಗಕ್ಕೆ ಚಾಚಿದ ಬಚ್ಚಲು ಮನೆಯನ್ನು ಆಗ ಒಡೆಯುವುದಕ್ಕಿಂತ ಪಾಯ ಹಾಕುವ ದಿನ ಟೇಪು ಹಿಡಿದು ನಿಲ್ಲುವುದು ಸುಲಭ.