ಹನ್ನೆರಡು ನಾಣ್ಯ, ಮೂರೇ ತೂಕ: ಒಗಟು ಬಿಡಿಸುವ ಬಗೆ, ಆಡಿಸುವ ಬಗೆ

ನೋಡಲು ಒಂದೇ ಥರದ 12 ನಾಣ್ಯಗಳಿವೆ, ಅವುಗಳಲ್ಲಿ ಒಂದು ಖೋಟಾ. ಅದರ ತೂಕ ಮಿಕ್ಕವಕ್ಕಿಂತ ಹೆಚ್ಚೋ ಕಡಿಮೆಯೋ ಗೊತ್ತಿಲ್ಲ. ಎರಡು ತಟ್ಟೆಯ ತಕ್ಕಡಿ ಇದೆ, ತೂಕದ ಕಲ್ಲುಗಳಿಲ್ಲ. ಮೂರೇ ಸಲ ತೂಗಿ ಖೋಟಾ ಯಾವುದು, ಅದು ಭಾರವೋ ಹಗುರವೋ ಎರಡನ್ನೂ ಹೇಳಬೇಕು. ಭೌತವಿಜ್ಞಾನಿ ಫ್ರೀಮನ್ ಡೈಸನ್ 1946ರಲ್ಲಿ ಈ ಜಾತಿಯ ಒಗಟುಗಳಿಗೆಲ್ಲ ಒಟ್ಟಾಗಿ ಒಂದು ಪರಿಹಾರ ಕೊಟ್ಟ. ನಮಗೆ ಸದ್ಯಕ್ಕೆ ಹನ್ನೆರಡೇ ಸಾಕು.

ಕೈ ಪಳಗಲು ಮೊದಲು ಸುಲಭದ್ದು ನೋಡಿ: 9 ನಾಣ್ಯ, ಖೋಟಾ ಖಂಡಿತ ಭಾರ, ಎರಡೇ ತೂಕ. ಬಹಳ ಜನ ನಾಲ್ಕು-ನಾಲ್ಕು ಇಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. ಮೂರು-ಮೂರು ಇಡಬೇಕು. ಒಂದು ತಟ್ಟೆ ತಗ್ಗಿದರೆ ಖೋಟಾ ಆ ಮೂರರಲ್ಲಿದೆ, ಸಮ ನಿಂತರೆ ಹೊರಗಿನ ಮೂರರಲ್ಲಿದೆ. ಆ ಮೂರರಿಂದ ಎರಡನ್ನು ತೂಗಿದರೆ ಮುಗಿಯಿತು. ತಕ್ಕಡಿ ಹೇಳುವುದು ಎರಡು ಮಾತಲ್ಲ, ಮೂರು: ಎಡ, ಬಲ, ಸಮ. ‘ಸಮ’ ಎನ್ನುವುದೂ ಒಂದು ಉತ್ತರ ಎಂಬುದನ್ನು ಮರೆತವರೇ ಸೋಲುವುದು.

ಈಗ ಹನ್ನೆರಡಕ್ಕೆ ಬರೋಣ. ತೂಗುವ ಮುಂಚೆ ಎಣಿಸಿ. ಹನ್ನೆರಡರಲ್ಲಿ ಯಾವುದಾದರೂ ಖೋಟಾ ಇರಬಹುದು, ಭಾರವೂ ಆಗಬಹುದು ಹಗುರವೂ ಆಗಬಹುದು, ಒಟ್ಟು 24 ಸಾಧ್ಯತೆ. ಮೂರು ತೂಕಕ್ಕೆ 3×3×3, ಅಂದರೆ 27 ಫಲಿತಾಂಶ. ಜಾಗ ಇದೆ, ಆದರೆ ಇಕ್ಕಟ್ಟು. ಮೊದಲ ತೂಕದ ನಂತರ ಉಳಿಯುವ ಎರಡು ತೂಕ 9 ಸಾಧ್ಯತೆಗಳನ್ನು ಮಾತ್ರ ಬೇರ್ಪಡಿಸಬಲ್ಲವು. ಆರು-ಆರು ಇಟ್ಟರೆ 12 ಸಾಧ್ಯತೆ ಉಳಿದು ಆಟ ಅಲ್ಲೇ ಕೆಡುತ್ತದೆ. ಐದು-ಐದು ಇಟ್ಟು ತಟ್ಟೆ ವಾಲಿದರೆ 10, ಅದೂ ಹೆಚ್ಚೇ. ಮೂರು-ಮೂರು ಇಟ್ಟು ಸಮ ಬಂದರೆ ಮತ್ತೆ 12. ನಾಲ್ಕು-ನಾಲ್ಕಕ್ಕೆ ಮಾತ್ರ ಏನೇ ಬಂದರೂ 8 ಉಳಿಯುತ್ತದೆ. ಹಾಗಾಗಿ ಮೊದಲ ತೂಕಕ್ಕೆ ಬೇರೆ ದಾರಿಯೇ ಇಲ್ಲ.

ನಾಲ್ಕರ ಎದುರು ನಾಲ್ಕು ಸಮ ನಿಂತರೆ ಆ ಎಂಟೂ ಸಾಚಾ. ಹೊರಗಿನ ನಾಲ್ಕಕ್ಕೆ 9, 10, 11, 12 ಎಂದು ಅಂಕಿ ಕೊಟ್ಟು, 9, 10, 11ನ್ನು ಮೂರು ಸಾಚಾ ನಾಣ್ಯಗಳ ಎದುರು ತೂಗಿ. ಮತ್ತೆ ಸಮ ಬಂದರೆ ಖೋಟಾ 12. ಒಂದು ಸಾಚಾ ನಾಣ್ಯದ ಎದುರಿಟ್ಟರೆ ಭಾರವೋ ಹಗುರವೋ ತಿಳಿಯುತ್ತದೆ. ಆ ಮೂರು ತಗ್ಗಿದರೆ ಖೋಟಾ ಭಾರದ್ದು: 9ರ ಎದುರು 10 ಇಡಿ, ತಗ್ಗಿದ್ದು ಖೋಟಾ, ಸಮವಾದರೆ 11. ಮೂರು ಮೇಲೆದ್ದರೆ ಖೋಟಾ ಹಗುರದ್ದು. ಅದೇ ತೂಕ, ಮೇಲೆದ್ದದ್ದನ್ನು ಹಿಡಿಯಿರಿ.

ಮೊದಲ ತೂಕದಲ್ಲೇ ತಟ್ಟೆ ವಾಲಿದರೆ ಅಸಲಿ ಕಷ್ಟ ಶುರು. ತಗ್ಗಿದ ಕಡೆಯ ನಾಲ್ಕಕ್ಕೆ 1ರಿಂದ 4, ಮೇಲೆದ್ದ ಕಡೆಯವಕ್ಕೆ 5ರಿಂದ 8 ಎಂದು ಈಗ ಅಂಕಿ ಕೊಡಿ. ಮೊದಲೇ ಕೊಟ್ಟರೆ ಎಡ ತಗ್ಗಿದರೆ ಒಂದು ಲೆಕ್ಕ, ಬಲ ತಗ್ಗಿದರೆ ಇನ್ನೊಂದು ಎಂದು ಎರಡು ಸಲ ತಲೆ ಕೆಡಿಸಿಕೊಳ್ಳಬೇಕು. ಎರಡನೇ ತೂಕಕ್ಕೆ ಎಡಗಡೆ 1, 2, 5. ಬಲಗಡೆ 3, 4, 6. ಕೆಲವು ನಾಣ್ಯಗಳು ತಟ್ಟೆ ಬದಲಿಸಿ ಆಚೆಗೆ ಹೋಗುವುದರಲ್ಲೇ ಇಡೀ ಒಗಟಿನ ಗುಟ್ಟಿದೆ.

ಎಡ ತಗ್ಗಿದರೆ 1 ಅಥವಾ 2 ಭಾರ, ಇಲ್ಲವೇ 6 ಹಗುರ. 1ನ್ನೂ 2ನ್ನೂ ತೂಗಿ. ತಗ್ಗಿದ್ದು ಖೋಟಾ, ಸಮವಾದರೆ 6. ಬಲ ತಗ್ಗಿದರೆ 3ನ್ನೂ 4ನ್ನೂ ತೂಗಿ. ತಗ್ಗಿದ್ದು ಖೋಟಾ, ಸಮವಾದರೆ 5 ಹಗುರ. ಎರಡನೇ ತೂಕ ಸಮ ಬಂದರೆ 7ರ ಎದುರು 8, ಮೇಲೆದ್ದದ್ದೇ ಖೋಟಾ.

ಆಡುವವರು ಎಡವುವುದು ಹೆಚ್ಚಾಗಿ ಬರೆದುಕೊಳ್ಳುವಲ್ಲಿ. ‘ಸಮ ಇಲ್ಲ’ ಎಂದಷ್ಟೇ ಗೀಚಿ ನಾಣ್ಯಗಳನ್ನು ಬೆರೆಸಿಬಿಟ್ಟರೆ ಅರ್ಧ ಸುಳಿವು ಹೋಯಿತು. ಯಾವ ಕಡೆ ತಗ್ಗಿತು ಎಂಬುದನ್ನೂ ಬರೆಯಿರಿ.

ಆಡಿಸಲು ತಕ್ಕಡಿಯೇ ಬೇಕೆಂದಿಲ್ಲ. ‘7, ಹಗುರ’ ಎಂದು ಚೀಟಿಯಲ್ಲಿ ಬರೆದು ಮಡಚಿಟ್ಟುಕೊಂಡು, ಆಡಿಸುವವರೇ ತಕ್ಕಡಿಯಾಗಿ ‘ಎಡ’, ‘ಬಲ’, ‘ಸಮ’ ಅನ್ನುತ್ತ ಹೋಗಬಹುದು. ಮಕ್ಕಳಿಗೆ ನಿಜವಾದ ತೂಕವೇ ಬೇಕೆಂದರೆ 12 ಖಾಲಿ ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಹನ್ನೊಂದಕ್ಕೆ ಒಂದೊಂದು ರೂಪಾಯಿ ನಾಣ್ಯ, ಒಂದಕ್ಕೆ ಎರಡು ಹಾಕಿ, ಅಥವಾ ಏನೂ ಹಾಕಬೇಡಿ. ಎಲ್ಲ ನಾಣ್ಯವೂ ಒಂದೇ ಅಚ್ಚಿನದಾಗಿರಲಿ. ಹಳೆಯದು ಹೊಸದು ಬೆರೆತರೆ ತೂಕವೂ ಬೇರೆಯಾಗುತ್ತದೆ. ಒಳಗೆ ಹತ್ತಿ ತುರುಕದಿದ್ದರೆ ಅಲ್ಲಾಡಿಸಿದ ಕೂಡಲೇ ಸದ್ದು ಗುಟ್ಟು ಬಿಟ್ಟುಕೊಡುತ್ತದೆ. ಬಟ್ಟೆ ನೇತುಹಾಕುವ ಹ್ಯಾಂಗರನ್ನು ಮೊಳೆಗೆ ಸಿಕ್ಕಿಸಿ, ಎರಡು ತುದಿಗೂ ಒಂದೇ ಅಳತೆಯ ಚೀಲ ಕಟ್ಟಿ. ಖಾಲಿ ಇದ್ದಾಗ ಸಮ ನಿಲ್ಲುತ್ತದೆಯೇ ನೋಡಿಕೊಂಡ ಮೇಲೆ ಶುರುಮಾಡಿ. ಪೊಟ್ಟಣಗಳನ್ನು ಚೀಲಕ್ಕೆ ಹಾಕುವುದು, ತೆಗೆಯುವುದು ಆಡಿಸುವವರ ಕೆಲಸ. ಆಡುವವರ ಕೈಗೆ ಕೊಟ್ಟರೆ ಒಂದು ನಾಣ್ಯದ ವ್ಯತ್ಯಾಸ ಅಂಗೈಗೇ ತಿಳಿದುಬಿಡುತ್ತದೆ.

ಇದನ್ನು ಬಿಡಿಸಿದವರಿಗೆ 13 ನಾಣ್ಯ ಕೊಟ್ಟು ನೋಡಿ. ಮೂರು ತೂಕದಲ್ಲಿ ಖೋಟಾ ಯಾವುದೆಂದು ಹೇಳಬಹುದು, ಭಾರವೋ ಹಗುರವೋ ಎಂದು ಪ್ರತಿ ಸಲವೂ ಹೇಳಲಾಗದು. ನಾಲ್ಕು ತೂಕ ಕೊಟ್ಟರೆ 39 ನಾಣ್ಯದವರೆಗೂ ಎರಡನ್ನೂ ಹೇಳಬಹುದು. ಅಲ್ಲಿ ಮೊದಲ ತೂಕ 13ರ ಎದುರು 13.