ತಪ್ಪು ಮುಚ್ಚಿಡುವ ಶಾಪ್‌ಫ್ಲೋರಿನಲ್ಲಿ ಬಾಯಿ ಬಿಡಿಸುವುದು ಹೇಗೆ?

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ (ಲೋಹ ಕರಗಿಸಿ ಮರಳಿನ ಅಚ್ಚಿಗೆ ಎರೆಯುವ ಕಾರ್ಖಾನೆ) ಎರಕದೊಳಗೆ ಗಾಳಿಗುಳ್ಳೆ ಬಂತೆನ್ನಿ. ‘ಯಾರು ಮಾಡಿದ್ದು?’ ಎಂದರೆ ಎಲ್ಲರ ಬಾಯಿ ಬಂದ್. ಮರಳಿನ ತೇವ ಹೆಚ್ಚಿತ್ತೆಂದು ಗೊತ್ತಿದ್ದವರೂ ಬೈಗುಳಕ್ಕೆ ಹೆದರಿ ಸುಮ್ಮನಿರುತ್ತಾರೆ. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1999ರಲ್ಲಿ ವಿವರಿಸಿದ ತಂಡದ ‘ಮಾನಸಿಕ ಸುರಕ್ಷತೆ’, ಅಂದರೆ ತಪ್ಪು ಹೇಳಿಕೊಂಡರೂ ಅವಮಾನವಾಗದೆಂಬ ನಂಬಿಕೆ, ಇಲ್ಲಿ ಇಲ್ಲ.

ಇದನ್ನು ಸರಿಪಡಿಸಲು ಬರುವ ಸಲಹೆಗಾರರು ಮೊದಲ ವಾರ ಬರೀ ನೋಡಬೇಕು. ಆಮೇಲೆ ಒಬ್ಬೊಬ್ಬರನ್ನೇ 20 ನಿಮಿಷ ಮಾತಾಡಿಸಿ; ಮಾಲೀಕರ ಕ್ಯಾಬಿನ್ನಿನಲ್ಲಿ ಬೇಡ, ಚಹಾ ಕುಡಿಯುವಲ್ಲಿ. ಮರಾಠಿ ಸಲೀಸಾದವರಿಗೆ ಮರಾಠಿಯಲ್ಲೇ ಕೇಳಿ. ಐದಕ್ಕಿಂತ ಕಡಿಮೆ ಜನರ ವಿಭಾಗದ ಉತ್ತರಗಳನ್ನು ಬೇರೆಯಾಗಿ ವರದಿಗೆ ಹಾಕಬೇಡಿ, ಯಾರು ಹೇಳಿದ್ದೆಂದು ತಕ್ಷಣ ಗೊತ್ತಾಗುತ್ತದೆ.

ಶಿಫ್ಟಿನ ಮೊದಲ 10 ನಿಮಿಷದಲ್ಲಿ ಸೂಪರ್‌ವೈಸರ್ ನಿನ್ನೆಯ ತನ್ನದೇ ತಪ್ಪೊಂದನ್ನು ಹೇಳಲಿ, ನಂತರ ‘ಯಾವ ಹಂತದಲ್ಲಿ ಕೆಟ್ಟಿತು?’ ಎನ್ನಲಿ. ಕೆಲಸಗಾರರು ಹೇಳಿದ್ದಕ್ಕೆ ಸೂಪರ್‌ವೈಸರ್ ಎರಡು ದಿನದೊಳಗೆ ಉತ್ತರ ಕೊಡದಿದ್ದರೆ ಮತ್ತೆ ಮೌನವೇ. ಮುಚ್ಚಿಟ್ಟದ್ದೆಲ್ಲ ಹೊರಬರುವುದರಿಂದ ಶುರುವಿನಲ್ಲಿ ದಾಖಲಾಗುವ ದೋಷಗಳು ಹೆಚ್ಚುತ್ತವೆ. ಮಾಲೀಕರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲವಾದರೆ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ.